ನವಲೆ ಇಳಿಜಾರಿಗೆ ಆ ದೀಪ ಬೇಡ

ಧನಕವಡಿಯ ಹಿರಿಯರೇ, ನಮಸ್ಕಾರ.

ಮಗಳ ಮನೆಗೆಂದು ಪೋರ್ಚುಗಲ್‌ಗೆ ಹೋದಾಗ ಕಂಡ ಸಿಗ್ನಲ್ ಬಗ್ಗೆ ಬರೆದಿದ್ದೀರಿ. ಊರೊಳಗೆ ಗಂಟೆಗೆ 50 ಕಿಲೋಮೀಟರ್ ಮೀರಿ ಬಂದರೆ ಮುಂದಿನ ದೀಪ ತಾನಾಗಿ ಕೆಂಪಾಗುತ್ತದಂತೆ. ಅದನ್ನು ಪುಣೆಯ ನವಲೆ ಸೇತುವೆಯ ಇಳಿಜಾರಿಗೂ ಯಾಕೆ ಹಾಕಬಾರದು ಎಂದು ಕೇಳಿದ್ದೀರಿ.

ಆ ದೀಪ ನನಗೂ ಬಹಳ ಹಿಡಿಸಿದೆ. ದಂಡ ಇಲ್ಲ, ಮನೆಗೆ ಚಲನ್ ಬರುವುದಿಲ್ಲ; ಅವಸರ ಮಾಡಿದವನು ಅವಸರ ಮಾಡಿದ್ದಕ್ಕೇ ನಿಲ್ಲಬೇಕು. ಕೆನಡಾದ ಬ್ರೊಸಾರ್ ಎಂಬ ಊರಿನಲ್ಲಿ ಇದನ್ನೇ ತಿರುವುಮುರುವು ಮಾಡಿ ನೋಡಿದರು. ಶಾಲೆಯ ಹತ್ತಿರದ ದೀಪ ಕೆಂಪಾಗಿಯೇ ಇರುತ್ತಿತ್ತು, 30ರ ಮಿತಿಯೊಳಗೆ ಬಂದವರಿಗೆ ಹಸಿರಾಗುತ್ತಿತ್ತು.

ಆದರೆ ನವಲೆಗೆ ಬೇಡ. ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿನಲ್ಲಿ ಬರುವಾಗ ಕಾತ್ರಜ್ ಹೊಸ ಸುರಂಗ ದಾಟಿದ ಕೂಡಲೇ ನನಗೆ ಎಚ್ಚರವಾಗುತ್ತದೆ. ಅಲ್ಲಿಂದ ಸೇತುವೆವರೆಗೆ ಇಳಿಜಾರೇ. ಡೀಸೆಲ್ ಉಳಿಯಲಿ ಎಂದು ಲಾರಿಯನ್ನು ನ್ಯೂಟ್ರಲ್‌ಗೆ ಹಾಕಿ ಬಿಡುವವರಿದ್ದಾರೆ. ಆಗ ಎಂಜಿನ್ನಿನ ಹಿಡಿತ ತಪ್ಪಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಒತ್ತಿ ಒತ್ತಿ ಬ್ರೇಕ್ ಕಾಯುತ್ತದೆ, ಕಾದಷ್ಟೂ ಹಿಡಿಯುವುದು ಕಡಿಮೆ. ವೇಗ ಎರಡರಷ್ಟಾದರೆ ನಿಲ್ಲಿಸಲು ಬೇಕಾದ ಶಕ್ತಿ ನಾಲ್ಕರಷ್ಟು. ಅಂಥ ಲಾರಿಯ ಮುಂದೆ ಕೆಂಪು ದೀಪ ಹತ್ತಿದರೆ ಏನಾಗುತ್ತದೆ ಯೋಚಿಸಿ. ಸ್ಕೂಟರಿನವರು, ಕಾರಿನವರು ನಿಲ್ಲುತ್ತಾರೆ. ಲಾರಿಗೆ ನಿಲ್ಲಲಾಗುವುದಿಲ್ಲ. 2022ರ ನವೆಂಬರಿನಲ್ಲಿ ಇದೇ ಇಳಿಜಾರಿನಲ್ಲಿ ಲಾರಿಯೊಂದು ನುಗ್ಗಿ 48 ವಾಹನಗಳು ಜಖಂಗೊಂಡವು. ಅಂಥ ಜಾಗದಲ್ಲಿ ವಾಹನಗಳ ಸಾಲು ನಿಲ್ಲಿಸುವ ಯಾವ ಉಪಾಯವೂ ನನಗೆ ಹೆದರಿಕೆ ಹುಟ್ಟಿಸುತ್ತದೆ.

ಅಲ್ಲಿ ವೇಗವನ್ನು ಹಿಡಿಯಬೇಕಾದದ್ದು ಮೇಲೆಯೇ, ಇಳಿಯುವ ಮೊದಲು. ಭಾರದ ಲಾರಿಗಳನ್ನು ಸುರಂಗಕ್ಕೆ ಮುಂಚೆಯೇ ನಿಲ್ಲಿಸಿ, ಬ್ರೇಕ್ ನೋಡಿ, ಕೆಳ ಗೇರಿನಲ್ಲಿ ಇಳಿಸಬೇಕು. ಕ್ಲೀನರ್ ಹುಡುಗನಿಗೂ ಓದಲು ಬರುವಂತೆ ಮರಾಠಿ, ಹಿಂದಿಯ ಜೊತೆ ಕನ್ನಡದಲ್ಲೂ ಫಲಕ ಇರಲಿ. ಆ ದಾರಿಯಲ್ಲಿ ನಮ್ಮ ಕಡೆಯ ಲಾರಿಗಳೇನು ಕಡಿಮೆಯೇ?

ನಿಮ್ಮ ದೀಪಕ್ಕೆ ತಕ್ಕ ಜಾಗ ಎರಂಡವಣೆಯ ಗಣೇಶನಗರದಂಥ ಒಳರಸ್ತೆ. ನಮ್ಮ ಕನ್ನಡ ಶಾಲೆಯ ಮಕ್ಕಳು ದಾಟುವುದು ಅಲ್ಲೇ. ರಸ್ತೆ ಸಮತಟ್ಟು, ಬರುವವು ಬೈಕು, ರಿಕ್ಷಾ, ಕಾರು; ಬ್ರೇಕ್ ಒತ್ತಿದರೆ ನಿಲ್ಲುವಂಥವು. ಈ ಬೇಡಿಕೆಯನ್ನು ಮರಾಠಿಯಲ್ಲಿ ಬರೆದು ಸಂಚಾರ ಪೊಲೀಸರಿಗೆ ಕೊಡೋಣ. ಕರಡು ನೀವು ಮಾಡಿ ಕಳಿಸಿ, ನಿಮ್ಮ ಸಹಿಯ ಕೆಳಗೆ ನನ್ನದೂ ಇರುತ್ತದೆ.

— ಸಂಪಾದಕ