ಪಾಂಪೇಯ ಗೋಡೆಯ ಹಸಿರು ಹಲ್ಲಿ

ಪ್ರಶ್ನೆ: ಇಟಲಿಯ ಪಾಂಪೇ ಅವಶೇಷಗಳಲ್ಲಿ ಹಸಿರು ಬೆನ್ನಿನ ಚುರುಕಾದ ಹಲ್ಲಿಗಳು ಹಾಡುಹಗಲಲ್ಲೇ ಗೋಡೆಯ ಮೇಲೆ ಬಿಸಿಲು ಕಾಯಿಸುತ್ತಿದ್ದವು. ಇವು ನಮ್ಮ ಮನೆಹಲ್ಲಿಯ ಸಂಬಂಧಿಗಳೇ? ಬೇರೆಲ್ಲಿ ಕಾಣಸಿಗುತ್ತವೆ?

ಉತ್ತರ: ನೀವು ಕಂಡದ್ದು ಬಹುಮಟ್ಟಿಗೆ ಇಟಲಿಯ ಗೋಡೆಹಲ್ಲಿಯೇ ಇರಬೇಕು. ಇದರ ಶಾಸ್ತ್ರೀಯ ಹೆಸರು ಪೊಡಾರ್ಸಿಸ್ ಸಿಕ್ಯುಲಸ್. ಮನೆಹಲ್ಲಿಗೂ ಇದಕ್ಕೂ ನಂಟು ಬಲು ದೂರದ್ದು. ಮನೆಹಲ್ಲಿ ಇರುಳಿನ ಜೀವಿ. ಅದಕ್ಕೆ ಮುಚ್ಚಿ ತೆರೆಯುವ ರೆಪ್ಪೆಯಿಲ್ಲ, ಬೆರಳಡಿಯ ಮೆತ್ತೆಗಳ ಬಲದಿಂದ ಗೋಡೆ ಹಿಡಿಯುತ್ತದೆ. ಇದಕ್ಕಾದರೋ ರೆಪ್ಪೆಯಿದೆ, ಗೋಡೆ ಹತ್ತಲು ಉಗುರುಗಳೇ ಆಧಾರ. ನಮ್ಮ ಬಯಲುಸೀಮೆಯ ಕುರುಚಲು ನೆಲದಲ್ಲಿ ಓಡಾಡುವ, ಆಫಿಸೋಪ್ಸ್ ಕುಲದ ಪುಟ್ಟ ಹಲ್ಲಿಗಳು ಇದರ ಕುಟುಂಬಕ್ಕೇ ಸೇರಿದವು.

ಬಾಲ ಬಿಟ್ಟು ಇದರ ಉದ್ದ ಸುಮಾರು 9 ಸೆಂಟಿಮೀಟರ್‌ವರೆಗೆ. ಬಾಲ ಅದಕ್ಕಿಂತ ಉದ್ದ. ಬೆನ್ನು ಹಸಿರು ಅಥವಾ ಕಂದು, ಅದರ ಮೇಲೆ ಕಪ್ಪು ಗೆರೆ ಇಲ್ಲವೆ ಬಲೆಯಂಥ ಚಿತ್ತಾರ. ಊರಿಂದೂರಿಗೆ ಬಣ್ಣ ಎಷ್ಟು ಬದಲಾಗುತ್ತದೆಂದರೆ, ಕಾಪ್ರಿ ದ್ವೀಪದ ಬಳಿಯ ಫರಾಲ್ಯೋನಿ ಬಂಡೆಯೊಂದರ ಮೇಲಿನವು ನೀಲಿಯಾಗಿವೆ!

ಇಟಲಿ, ಸಿಸಿಲಿ ಮತ್ತು ಏಡ್ರಿಯಾಟಿಕ್ ಕರಾವಳಿಯ ಕೆಲಭಾಗಗಳು ಇದರ ತವರು. ಸಾಕುಪ್ರಾಣಿ ವ್ಯಾಪಾರದ ದೆಸೆಯಿಂದ ನ್ಯೂಯಾರ್ಕ್‌ನ ಲಾಂಗ್ ಐಲೆಂಡ್‌ಗೂ ತಲುಪಿ, ಅಲ್ಲಿನ ಹಿಮಗಾಲವನ್ನು ನೆಲದ ಬಿರುಕುಗಳಲ್ಲಿ ಅಡಗಿ ಕಳೆಯುತ್ತಾ ನೆಲೆಯೂರಿದೆ.

ಆಹಾರ ಮುಖ್ಯವಾಗಿ ಕೀಟ ಮತ್ತು ಜೇಡಗಳು. ಆದರೆ ಆಹಾರದ ವಿಷಯದಲ್ಲಿ ಇದು ಹಟಮಾರಿಯಲ್ಲ. 1971ರಲ್ಲಿ ಸಂಶೋಧಕರು ಕ್ರೊಯೇಷಿಯಾದ ಪೊಡ್ ಕೊಪಿಷ್ಟೆ ಎಂಬ ನಡುಗಡ್ಡೆಯಿಂದ ಐದು ಜೋಡಿಗಳನ್ನು ನೆರೆಯ ಪೊಡ್ ಮರ್ಚಾರುವಿಗೆ ತಂದುಬಿಟ್ಟರು. ಮೂರು ದಶಕಗಳ ಬಳಿಕ ಹೋಗಿ ನೋಡಿದಾಗ, ಅಲ್ಲಿದ್ದ ಸ್ಥಳೀಯ ಹಲ್ಲಿಗಳ ಸುಳಿವೇ ಇರಲಿಲ್ಲ. ಹೊಸಬರ ಸಂತತಿಯಾದರೋ ಬೇಸಿಗೆಯಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಸಸ್ಯಾಹಾರವನ್ನೇ ತಿನ್ನುತ್ತಿತ್ತು. 2008ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅವುಗಳ ತಲೆ ದೊಡ್ಡದಾಗಿತ್ತು, ಕಡಿತ ಬಲವಾಗಿತ್ತು. ಕರುಳಿನಲ್ಲಿ, ಎಲೆಯಂಥ ಒರಟು ಆಹಾರದ ಓಟವನ್ನು ತಡೆದು, ಅದು ನಿಧಾನವಾಗಿ ಸಾಗುತ್ತಾ ಹುಳಿಯಲು ನೆರವಾಗುವ ಕವಾಟಗಳು ಮೂಡಿದ್ದವು. ಇದನ್ನು ರಾತ್ರೋರಾತ್ರಿ ನಡೆದ ವಿಕಾಸವೆಂದು ಬಣ್ಣಿಸುವ ಬರಹಗಳನ್ನು ಸ್ವಲ್ಪ ಎಚ್ಚರದಿಂದ ಓದಬೇಕು, ಏಕೆಂದರೆ ತಿನ್ನುವ ಆಹಾರವೇ ಒಂದು ಜೀವಿಯ ಆಯುಷ್ಯದೊಳಗೆ ಕರುಳಿನ ರಚನೆಯನ್ನು ಒಂದಿಷ್ಟು ಬದಲಿಸಬಲ್ಲದು.

ಇನ್ನು, ಅಲ್ಲಿ ತುಂಡು ಬಾಲದ ಹಲ್ಲಿ ಕಂಡಿದ್ದರೆ ಕಾರಣ ನಮ್ಮೂರಿನದೇ: ಶತ್ರು ಹಿಡಿದಾಗ ಬಾಲ ಕಳಚಿಕೊಟ್ಟು ಓಡುತ್ತದೆ, ಆಮೇಲೆ ಅದು ಮತ್ತೆ ಬೆಳೆಯುತ್ತದೆ.