ಕರೆಯೋ, ಮೈಕಿನ ಆಸೆಯೋ?

ಪ್ರಶ್ನೆ: ನಾನು ಕೇರಳದ ಮಂಜೇಶ್ವರ ತಾಲೂಕಿನವನು, ವಯಸ್ಸು 26. ಜನರಿಗೆ ಸರ್ಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಸಲ್ಲಿಸಿಕೊಡುವ ಅಕ್ಷಯ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಾ ಆರು ವರ್ಷಗಳಿಂದ ನಮ್ಮ ಸಭೆಯ ಸಂಡೇಸ್ಕೂಲ್ ನಡೆಸುತ್ತಿದ್ದೇನೆ. ಕಳೆದ ಮಳೆಗಾಲದಲ್ಲಿ ಒಂದು ಭಾನುವಾರ ಸಭಾಪಾಲಕರಾದ ಅಯ್ಯನವರು ಜ್ವರದಿಂದ ಮಲಗಿದ್ದರಿಂದ ಹಿರಿಯರ ಮಾತಿನಂತೆ ನಾನೇ ಪ್ರಸಂಗ ಮಾಡಿದೆ. ಆರಾಧನೆ ಮುಗಿದ ಮೇಲೆ ಹಲವರು ಕೈಹಿಡಿದು ಮೆಚ್ಚಿದರು. ಅಂದಿನಿಂದ ದೇವರು ನನ್ನನ್ನು ಸುವಾರ್ತಾ ಸೇವೆಗೆ ಕರೆಯುತ್ತಿದ್ದಾನೆಂಬ ಭಾವನೆ ಬಿಡದೆ ಕಾಡುತ್ತಿದೆ. ತಂದೆಯವರು ಮಾತ್ರ, "ಇದು ಕರೆಯಲ್ಲ, ಮೈಕಿನ ಆಸೆ" ಎನ್ನುತ್ತಾರೆ. ಕೆಲಸ ಬಿಟ್ಟು ದೇವಶಾಸ್ತ್ರ ಕಲಿಯಲು ಹೋಗಲೇ?

ಉತ್ತರ: ನಿಮ್ಮ ತಂದೆಯವರ ಮಾತು ಒರಟಾಗಿದ್ದರೂ ಪ್ರಶ್ನೆ ಹಳೆಯದು, ನ್ಯಾಯವಾದದ್ದು. 16ನೆಯ ಶತಮಾನದಲ್ಲಿ ಕ್ರೈಸ್ತ ಸುಧಾರಕ ಜಾನ್ ಕ್ಯಾಲ್ವಿನ್ ಸಹ, ಹೆಸರಿನ ಹಂಬಲಕ್ಕಾಗಲಿ ಹಣದಾಸೆಗಾಗಲಿ ಅಲ್ಲದೆ ದೇವಭಯದಿಂದ, ಸಭೆಯ ಹಿತವನ್ನು ಬಯಸಿ ಈ ಹೊಣೆಯನ್ನು ಹೊರುತ್ತಿದ್ದೇನೆಂದು ಬೋಧಕನ ಮನಸ್ಸಾಕ್ಷಿ ನುಡಿಯಬೇಕೆಂದು ಬರೆದಿದ್ದಾನೆ. ಈ ಒಳಗಿನ ಕರೆಯಷ್ಟೇ ಸಾಕೆಂದು ಅವನೂ ಒಪ್ಪಲಿಲ್ಲ, ಸಭೆಯೂ ಕರೆಯಬೇಕು.

ಹಾಗೆಂದು ಆಸೆಯೇ ತಪ್ಪಲ್ಲ. ಬೈಬಲಿನಲ್ಲಿ ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ 3ನೆಯ ಅಧ್ಯಾಯವು, ಸಭೆಯ ಮೇಲ್ವಿಚಾರಣೆಯನ್ನು ಬಯಸುವವನು ಒಳ್ಳೆಯ ಕೆಲಸವನ್ನೇ ಬಯಸುತ್ತಾನೆ ಎಂದು ಆರಂಭವಾಗುತ್ತದೆ. ಅದರ ಮುಂದಿರುವ ಗುಣಗಳ ಪಟ್ಟಿಯನ್ನು ನಿಧಾನವಾಗಿ ಓದಿ: ಬೋಧಿಸುವ ಸಾಮರ್ಥ್ಯಕ್ಕೆ ಅಲ್ಲಿ ಒಂದೇ ಪದ ಮೀಸಲು, ಮಿಕ್ಕಿದ್ದೆಲ್ಲ ಕೋಪ, ಹಣ, ಮನೆವಾರ್ತೆ, ಅತಿಥಿಸತ್ಕಾರಗಳ ವಿಷಯ. ಕೊನೆಯಲ್ಲಿ, ಹೊರಗಿನವರಿಂದಲೂ ಒಳ್ಳೆಯವನೆನಿಸಿಕೊಂಡಿರಬೇಕು ಎಂಬ ಮಾತಿದೆ. ಆ ಹೊರಗಿನವರು ದಿನವೂ ನಿಮ್ಮ ಮೇಜಿನ ಮುಂದೆಯೇ ಸಾಲುಗಟ್ಟುತ್ತಾರೆ. ಮಲಯಾಳದ ಅರ್ಜಿಯನ್ನು ಓದಲಾಗದೆ, ಪಡಿತರ ಚೀಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಮೂರನೆಯ ಸಲ ಬಂದ ಅಜ್ಜಿಗೆ, ಸರ್ವರ್ ಕೈಕೊಟ್ಟ ಮಧ್ಯಾಹ್ನ ನೀವು ಯಾವ ದನಿಯಲ್ಲಿ ಉತ್ತರಿಸುತ್ತೀರಿ? ಕರೆಯನ್ನು ಅಲ್ಲಿಂದಲೇ ಪರೀಕ್ಷಿಸಲು ತೊಡಗಬಹುದು.

ಇನ್ನೊಂದು ಮಾತು, ಬೇಸರಿಸಬೇಡಿ. ಆರು ವರ್ಷಗಳ ಸಂಡೇಸ್ಕೂಲನ್ನು ನೀವು ಅರ್ಧ ವಾಕ್ಯದಲ್ಲಿ ಮುಗಿಸಿ, ಪತ್ರದ ಉಳಿದ ಭಾಗವನ್ನೆಲ್ಲ ಒಂದು ಭಾನುವಾರಕ್ಕೆ ಕೊಟ್ಟಿದ್ದೀರಿ. ನನಗೆ ಆ ಅರ್ಧ ವಾಕ್ಯವೇ ಹೆಚ್ಚು ಭರವಸೆ ಕೊಡುತ್ತದೆ.

ಬಾಲಕ ಸಮುವೇಲನನ್ನು ದೇವರು ಕರೆದಾಗ ಅವನು ಮೂರು ಸಲವೂ ಯಾಜಕನಾದ ಏಲಿಯ ಬಳಿಗೆ ಓಡಿದನು. ಕರೆ ಬಂದದ್ದು ಹುಡುಗನಿಗೆ, ಅದನ್ನು ಗುರುತಿಸಿದ್ದು ಕಣ್ಣು ಮಬ್ಬಾದ ಮುದುಕ. ಸ್ವಂತ ಮಕ್ಕಳನ್ನು ಹದ್ದುಬಸ್ತಿನಲ್ಲಿಡಲಾಗದ ಏಲಿಗೂ ಅಷ್ಟು ತಿಳಿಯಿತು ಎಂಬುದನ್ನು, ನಿಮ್ಮ ಸಭೆಯ ಹಿರಿಯರ ಕುಂದುಕೊರತೆಗಳು ಕಣ್ಣಿಗೆ ಬಿದ್ದಾಗ ನೆನೆಯಿರಿ. ಆದಿಸಭೆಯ ಕಾಲದಲ್ಲಿ ಅಂತಿಯೋಕ್ಯ ಪಟ್ಟಣದಲ್ಲಿಯೂ ಬೋಧಕರಾದ ಬಾರ್ನಬ ಮತ್ತು ಸೌಲರು ತಾವಾಗಿ ಹೊರಡಲಿಲ್ಲ. ಸಭೆಯವರು ಉಪವಾಸವಿದ್ದು ಪ್ರಾರ್ಥಿಸಿ, ಅವರ ಮೇಲೆ ಕೈಯಿಟ್ಟು ಕಳುಹಿಸಿದರು.

ಆದ್ದರಿಂದ ಈಗಲೇ ಕೆಲಸ ಬಿಡಬೇಡಿ. ಅಯ್ಯನವರಲ್ಲಿ ಮನಸ್ಸು ಬಿಚ್ಚಿ ಮಾತನಾಡಿ, ಒಂದು ವರ್ಷದ ಮಟ್ಟಿಗೆ ಮೈಕಿಲ್ಲದ ಸೇವೆಯನ್ನು ಕೇಳಿ ಪಡೆಯಿರಿ: ಎಂಟು ಹತ್ತು ಜನ ಸೇರುವ ಮನೆಕೂಟ, ಹಾಸಿಗೆ ಹಿಡಿದವರ ಭೇಟಿ, ಸಾವಿನ ಮನೆ. ಸಾವಿನ ಮನೆಯಲ್ಲಿ ತುಳುವಿನಲ್ಲಿ ಅಳುವವರಿಗೆ ಪುಸ್ತಕದ ಕನ್ನಡ ಕೆಲವೊಮ್ಮೆ ದೂರದಿಂದ ಕೇಳಿಸುತ್ತದೆ. ಅಲ್ಲಿ ಯಾವ ಭಾಷೆಯಲ್ಲಿ ಮಾತನಾಡಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದನ್ನು ನೀವು ಅಲ್ಲಿಯೇ ಕಲಿಯಬೇಕು. ಮತ್ತೆ ಪ್ರಸಂಗದ ಅವಕಾಶ ಸಿಕ್ಕರೆ ಭಾನುವಾರದ ಹೊಗಳಿಕೆಯನ್ನು ಲೆಕ್ಕಕ್ಕೆ ಹಿಡಿಯದೆ, ಬುಧವಾರ ಒಬ್ಬಿಬ್ಬರನ್ನು "ಅಂದು ನಾನು ಏನು ಹೇಳಿದೆ?" ಎಂದು ಕೇಳಿ ನೋಡಿ. ನಿಮ್ಮ ಕಂಠವಷ್ಟೇ ನೆನಪಿದ್ದರೆ ಇನ್ನೂ ಕಲಿಯುವುದಿದೆ. ವಾಕ್ಯ ನೆನಪಿದ್ದರೆ ಹಿರಿಯರಿಗೂ ಅದು ತಿಳಿಯದೆ ಇರದು.

ವರ್ಷ ಕಳೆದ ಮೇಲೂ ಈ ಭಾರ ಇಳಿಯದಿದ್ದರೆ ಕಲಿಕೆಗೆ ದೂರ ಹೋಗಬೇಕಾಗಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1847ರಲ್ಲಿ ಆರಂಭಿಸಿದ ದೇವಶಾಸ್ತ್ರ ಶಾಲೆಯ ಪರಂಪರೆಯ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಮಂಗಳೂರಿನ ಬಲ್ಮಠದಲ್ಲಿದೆ. ಸಭೆಯ ಶಿಫಾರಸಿನೊಂದಿಗೆ ಹೋಗುವುದು ಲೇಸು. ಹಿರಿಯರು ಬೇಡವೆಂದರೆ ಕಾರಣವನ್ನು ಕೇಳಿ ತಿಳಿದುಕೊಳ್ಳಿ, ಸಂಡೇಸ್ಕೂಲನ್ನು ಮಾತ್ರ ನಿಲ್ಲಿಸಬೇಡಿ. ಬುಧವಾರದ ಪ್ರಶ್ನೆಯನ್ನು ಮೊದಲು ತಂದೆಯವರಿಗೇ ಹಾಕಿ. ಅವರು ಮುಲಾಜು ನೋಡುವವರಂತೆ ಕಾಣುವುದಿಲ್ಲ.