ಚೀಲದ ಲೆಕ್ಕ ಬರೆದವರು, ಚೀಲ ಹೊತ್ತವರು

ಮಾನ್ಯ ಸಂಪಾದಕರೇ,

ನಾನು ದಾವಣಗೆರೆಯ ನಿಟುವಳ್ಳಿಯವನು. ದಲಾಲಿ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದೆ. ಮಗ ಬಿ.ಕಾಂ. ಮುಗಿಸಿ ಎರಡು ವರ್ಷವಾಯಿತು. ಎಫ್‌ಡಿಎ, ಪಿಡಿಒ ಅಂತ ಸರ್ಕಾರಿ ಹುದ್ದೆಗಳ ಕೋಚಿಂಗ್‌ಗೂ ಹೋದ. ಈಗ ಇದ್ದಕ್ಕಿದ್ದಂತೆ ಪಾರ್ಸೆಲ್ ಕಂಪನಿಯ ಗೋಡೌನ್‌ಗೆ ಸೇರುತ್ತೇನೆ, ಬೇಕಾದರೆ ಡೆಲಿವರಿಗೂ ಹೋಗುತ್ತೇನೆ ಅನ್ನುತ್ತಿದ್ದಾನೆ. ಡಿಗ್ರಿ ಓದಿ 'ಹಮಾಲಿ' ಮಾಡುವುದೇ? ನೆಂಟರಿಗೆ ಏನು ಹೇಳಲಿ? ಇಂಥ ಕೆಲಸ ಹುಡುಕುವುದಾದರೂ ಹೇಗೆ, ನಂಬುವುದು ಹೇಗೆ? ನೀವಾದರೂ ಅವನಿಗೆ ಬುದ್ಧಿ ಹೇಳಿ.

— ಹೆಸರು ಹಾಕಬೇಡಿ ಎಂದಿರುವ ಓದುಗರು

ಸಂಪಾದಕರ ಉತ್ತರ:

ಯಜಮಾನರೇ, ಬುದ್ಧಿ ಹೇಳುತ್ತೇನೆ. ಆದರೆ ಮಗನಿಗಲ್ಲ.

ಹಮಾಲಿ ಅನ್ನೋ ಪದದ ಎರಡೂ ಕಡೆ ನೀವು ಚಿಹ್ನೆ ಹಾಕಿದ್ದೀರಿ. ಇಕ್ಕಳದಲ್ಲಿ ಹಿಡಿದು ದೂರ ಇಟ್ಟ ಹಾಗೆ. ಅದನ್ನು ನೋಡಿ ನನಗೆ ಸ್ವಲ್ಪ ಬೇಜಾರಾಯಿತು. ಮೂವತ್ತು ವರ್ಷ ನೀವು ಮೆಕ್ಕೆಜೋಳದ ಚೀಲದ ಲೆಕ್ಕ ಬರೆದವರು. ಆ ಚೀಲ ಗಾಡಿಯಿಂದ ಕಾಟಾಕ್ಕೆ, ಕಾಟಾದಿಂದ ಗೋಡೌನ್‌ಗೆ ತಾನೇ ನಡೆದು ಹೋಯಿತೇ? ಹೊರುವವನು ಒಂದು ದಿನ ಬರದಿದ್ದರೆ ನಿಮ್ಮ ಲೆಡ್ಜರಿನಲ್ಲಿ ಆ ದಿನದ ಪುಟ ಖಾಲಿ ಇರುತ್ತಿತ್ತು. ನಿಮ್ಮ ಮಗನ ಕಾಲೇಜು ಫೀಸಿನಲ್ಲೂ ಯಾರದೋ ಬೆನ್ನಿನ ಪಾಲಿದೆ ಅಲ್ವಾ?

ನಿಮ್ಮ ಆತಂಕ ಸುಳ್ಳಲ್ಲ, ಒಪ್ಪುತ್ತೇನೆ. ಸರ್ಕಾರಿ ಕೆಲಸದ ಭದ್ರತೆ ಗೋಡೌನ್‌ನಲ್ಲಿ ಇಲ್ಲ. ಪರೀಕ್ಷೆ ಬರೆಯುವುದನ್ನು ಅವನು ಬಿಡಬೇಕಾಗಿಯೂ ಇಲ್ಲ. ಇಷ್ಟು ನಿಮ್ಮ ಕಡೆಗಾಯಿತು. ಇನ್ನು ನನ್ನ ಮಾತು ಕೇಳಿ.

ಈ ಪತ್ರಿಕೆ ಶುರುವಾದ ದಿನಗಳಲ್ಲಿ ಸಂಪಾದಕನೂ ನಾನೇ, ಹಮಾಲಿಯೂ ನಾನೇ. ರಾತ್ರಿ ನೆಲದ ಮೇಲೆ ಕೂತು ಬಂಡಲ್ ಕಟ್ಟಿ, ಹೆಗಲ ಮೇಲೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದೆ. ಒಂದು ಸಲ ಹಿರಿಯೂರಿನ ಬಂಡಲ್ ಹರಿಹರಕ್ಕೆ ಹೋಯಿತು, ಹರಿಹರದ್ದು ಹಿರಿಯೂರಿಗೆ. ಎರಡು ಊರು ಎರಡು ದಿಕ್ಕಿಗೆ. ತಪ್ಪು ಬಸ್ಸಿನವರದಲ್ಲ, ನನ್ನ ಕೈಬರಹದ್ದು. ಎರಡಕ್ಕೂ 'ಹ' ಬರೆದು ಮುಂದಿನದನ್ನು ಗೀಚಿ ಬಿಟ್ಟಿದ್ದೆ. ಹಿರಿಯೂರಿನ ಏಜೆಂಟರು ಮೂರು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಹೊರುವುದಕ್ಕಿಂತ ವಿಂಗಡಿಸುವುದು ಕಷ್ಟ ಅಂತ ಆವತ್ತು ಗೊತ್ತಾಯಿತು. ಆ ಕೆಲಸಕ್ಕೆ ತಲೆ ಬೇಕು.

ಪಿನ್ ಕೋಡ್ ಹುಟ್ಟಿದ್ದೂ ಇಂಥದ್ದೇ ಗೊಂದಲದಿಂದ. ಒಂದೇ ಹೆಸರಿನ ಊರುಗಳು, ಹತ್ತಾರು ಲಿಪಿಗಳು, ನನ್ನಂಥವರ ಕೈಬರಹ. ಇದಕ್ಕೆ ಮದ್ದು ಕಂಡುಹಿಡಿದವರು ಶ್ರೀರಾಮ ಭಿಕಾಜಿ ವೇಲಣಕರ್. ಅಂಚೆ ಇಲಾಖೆಯ ಅಧಿಕಾರಿ, ಜೊತೆಗೆ ಸಂಸ್ಕೃತ ಕವಿ. 1972ರ ಆಗಸ್ಟ್ 15ರಂದು ಆರು ಅಂಕಿಯ ಪಿನ್ ಜಾರಿಗೆ ಬಂತು. ನಮ್ಮದು 577ರಿಂದ ಶುರು. ದಾವಣಗೆರೆ, ಚಿತ್ರದುರ್ಗ, ಶಿವಮೊಗ್ಗ, ಚಿಕ್ಕಮಗಳೂರು ಎಲ್ಲ ಆ ಮೂರು ಅಂಕಿಯ ಕೆಳಗೇ ಬರುತ್ತವೆ. ಕವಿಯೊಬ್ಬರು ಇಡೀ ದೇಶದ ವಿಳಾಸಗಳನ್ನು ವಿಂಗಡಿಸಲು ಕೂರಬಹುದು. ನಿಮ್ಮ ಬಿ.ಕಾಂ. ಮಗ ಮಾಡಿದರೆ ಮಾನ ಹೋಗುತ್ತದೆಯೇ?

ಆ ಗೋಡೌನ್ ಕೆಲಸ ಏನು ಅಂತಲೂ ತಿಳಿದುಕೊಳ್ಳಿ. ಬೆಂಗಳೂರಿನಿಂದ ಇಲ್ಲಿಗೆ ಸುಮಾರು 260 ಕಿಲೋಮೀಟರ್. ಲಾರಿ ರಾತ್ರಿ ಅಲ್ಲಿ ಬಿಟ್ಟರೆ ಬೆಳಗಿನ ಜಾವಕ್ಕೆ ಇಲ್ಲಿರುತ್ತದೆ. ಊರು ಏಳುವ ಮೊದಲೇ ಚೀಲ ಬಿಚ್ಚಬೇಕು, ಒಂದೊಂದೂ ಪೊಟ್ಟಣ ಸ್ಕ್ಯಾನ್ ಮಾಡಬೇಕು, ಬಡಾವಣೆ ಪ್ರಕಾರ ಬೇರೆ ಮಾಡಬೇಕು. ಗಾಜು ಕೆಳಗೆ ಹೋಗಬಾರದು. ಎಣ್ಣೆ ಡಬ್ಬಿ ಪುಸ್ತಕದ ಪಕ್ಕ ಕೂರಬಾರದು. ಹಿಂದಕ್ಕೆ ಬಂದ ಮಾಲಿಗೆ ಬೇರೆ ಲೆಕ್ಕ. ಡೆಲಿವರಿ ಹುಡುಗರು ಮನೆಮನೆಯಲ್ಲಿ ವಸೂಲಿ ಮಾಡಿದ ನಗದು ಸಂಜೆ ಪೈಸೆ ಪೈಸೆಗೆ ತಾಳೆಯಾಗಬೇಕು. ಕಡಿಮೆ ಬಿದ್ದರೆ ಆ ಹುಡುಗನ ಜೇಬಿನಿಂದಲೇ ತುಂಬಿಸಿಕೊಳ್ಳುವ ಕಡೆಗಳೂ ಇವೆ. ತಾಳೆ ಹಾಕುವುದನ್ನು ನಿಮ್ಮ ಮನೆಯಲ್ಲಿ ಯಾರಾದರೂ ಹೇಳಿಕೊಡಬೇಕೇ? ಗೋಡೌನ್ ಇನ್‌ಚಾರ್ಜ್ ಆದವರಲ್ಲಿ ಎಷ್ಟೋ ಜನ ಸ್ಕ್ಯಾನರ್ ಹಿಡಿದೇ ಶುರು ಮಾಡಿದವರು. ಅಷ್ಟು ದೂರ ಯಾಕೆ, ವಿಜಯ ಸಂಕೇಶ್ವರ ಅವರು 1976ರಲ್ಲಿ ಗದಗದಲ್ಲಿ ಒಂದೇ ಒಂದು ಲಾರಿ ಇಟ್ಟುಕೊಂಡು ವಿಆರ್‌ಎಲ್ ಶುರು ಮಾಡಿದರು. ಎಲ್ಲರೂ ಹಾಗಾಗುತ್ತಾರೆ ಅಂತ ನಾನು ಹೇಳುತ್ತಿಲ್ಲ. ನೆಂಟರು ಬಾಯಿ ತೆಗೆದರೆ ಸುಮ್ನೆ ಈ ಹೆಸರು ಹೇಳಿ ಸಾಕು.

ಹುಡುಕುವುದು ಹೇಗೆ ಅಂತ ಕೇಳಿದ್ದೀರಿ. ಮೊದಲು ಕಂಪನಿಯ ಸ್ವಂತ ವೆಬ್‌ಸೈಟ್ ನೋಡಲಿ. ಆಮೇಲೆ ನೇರವಾಗಿ ಗೋಡೌನ್ ಬಾಗಿಲಿಗೇ ಹೋಗಿ ಕೇಳಲಿ. ಹೋಗುವುದು ಮಧ್ಯಾಹ್ನ. ಬೆಳಿಗ್ಗೆ ಹೋದರೆ ಯಾರಿಗೂ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ದಸರಾ, ದೀಪಾವಳಿಗೆ ಒಂದು ತಿಂಗಳು ಮುಂಚೆ ಜಾಸ್ತಿ ಜನ ಬೇಕಾಗುತ್ತಾರೆ. ಹಬ್ಬ ಮುಗಿದ ಮೇಲೆ ಚೆನ್ನಾಗಿ ದುಡಿದವರನ್ನು ಉಳಿಸಿಕೊಳ್ಳುವುದೂ ಉಂಟು. ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಕೈಯಲ್ಲಿರಲಿ. ಡೆಲಿವರಿಗಾದರೆ ಡಿಎಲ್, ಬೈಕು, ಅದರ ಕಾಗದಪತ್ರ ಬೇಕು. ಕೆಲವರು ಪೊಲೀಸ್ ವೆರಿಫಿಕೇಶನ್ ಕೂಡ ಕೇಳುತ್ತಾರೆ. ರಿಜಿಸ್ಟ್ರೇಶನ್ ಫೀಸು, ಯೂನಿಫಾರ್ಮ್ ಡಿಪಾಸಿಟ್ ಅಂತ ಫೋನಿನಲ್ಲಿ ದುಡ್ಡು ಕೇಳಿದರೆ ಅದು ಕೆಲಸವಲ್ಲ, ಮೋಸ. ಯಾಮಾರಿ ಕಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ್ ಹುದ್ದೆಗೂ ಕಣ್ಣಿಟ್ಟಿರಲಿ. ಅದಕ್ಕೆ ಪರೀಕ್ಷೆಯೇ ಇಲ್ಲ, ಹತ್ತನೇ ಕ್ಲಾಸಿನ ಅಂಕದ ಮೇಲೆ ಆಯ್ಕೆ. ಅಲ್ಲೂ ಟಪಾಲು ಹಂಚುವುದೇ ಕೆಲಸ. ಆದರೆ ಸರ್ಕಾರದ ಮುದ್ರೆ ಇರುವುದರಿಂದ ನಿಮ್ಮ ನೆಂಟರು ಒಪ್ಪುತ್ತಾರೆ. ವಿಚಿತ್ರ ಅಲ್ವಾ?

ಸಂಬಳ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ನಿಮ್ಮ ಮಗ ಇನ್ನೊಂದು ಪ್ರಶ್ನೆ ಕೇಳಲಿ: 'ಸಾರ್, ನನ್ನ ಧಣಿ ಯಾರು?' ಬೋರ್ಡು ದೊಡ್ಡ ಕಂಪನಿಯದ್ದು ಇರುತ್ತದೆ. ಸಂಬಳ ಕೊಡುವವನು ಇನ್ಯಾವುದೋ ಏಜೆನ್ಸಿಯವನು. ಬೈಕಿನವನಾದರೆ ಅವನು ನೌಕರನೇ ಅಲ್ಲ, 'ಪಾರ್ಟ್‌ನರ್'! ಲಾಭದಲ್ಲಿ ಪಾಲಿಲ್ಲದ ಪಾರ್ಟ್‌ನರ್‌ನನ್ನು ನಿಮ್ಮ ದಲಾಲಿ ಅಂಗಡಿಯಲ್ಲಿ ಎಂದಾದರೂ ನೋಡಿದ್ದಿರಾ? ಅದಕ್ಕೇ ಕೈಯಲ್ಲಿ ಕಾಗದ ಬೇಕು. ಗೋಡೌನ್ ಕೆಲಸಕ್ಕೆ ಪಿಎಫ್ ಹಿಡಿಯುತ್ತಾರೋ ಕೇಳಲಿ. ಹಿಡಿದರೆ ಯುಎಎನ್, ಅಂದರೆ ಪಿಎಫ್ ಖಾತೆಯ ಗುರುತಿನ ನಂಬರ್ ಬರೆಸಿಕೊಳ್ಳಲಿ. ತಿಂಗಳ ಸಂಬಳ 21,000ದ ಒಳಗಿದ್ದರೆ ಕಾರ್ಮಿಕರ ಆರೋಗ್ಯ ವಿಮೆಯ ಇಎಸ್‌ಐ ಕಾರ್ಡು ಕೇಳಲಿ. ಭಾರ ಎತ್ತುವ ಕೆಲಸ, ಸೊಂಟ ಯಾವತ್ತು ಹಿಡಿಯುತ್ತದೋ ಯಾರು ಬಲ್ಲರು. ಬೈಕಿನವರಂಥ, ಆ್ಯಪ್ ಹೇಳಿದಂತೆ ಬಿಡಿ ಕೆಲಸ ಮಾಡುವವರಿಗೆ ನಮ್ಮ ರಾಜ್ಯ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ಮಾಡಿದೆ. ಕಂಪನಿಗಳು ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಕೊಡುವ ಹಣದ ಶೇ. 1ರಿಂದ 5ರವರೆಗೆ ಕ್ಷೇಮನಿಧಿಗೆ ಕಟ್ಟಬೇಕು. ಕೆಲಸದಿಂದ ತೆಗೆಯುವ ಮೊದಲು ಕಾರಣ ಹೇಳಿ 14 ದಿನದ ನೋಟಿಸು ಕೊಡಬೇಕು. ಕಾನೂನು ಪುಸ್ತಕದಲ್ಲಿದೆ. ಅದನ್ನು ಬಾಯಿಬಿಟ್ಟು ಕೇಳುವ ಹುಡುಗರು ಬೇಕು.

ಒಂದು ಕಾಲಕ್ಕೆ ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಮಿಲ್ಲಿನ ಸೈರನ್ ಕೇಳಿ ಮನೆಗಳಲ್ಲಿ ಒಲೆ ಹಚ್ಚುತ್ತಿದ್ದರು. ಮಿಲ್ಲಿನ ಕೆಲಸ ಅಂದರೆ ಹೆಣ್ಣು ಕೊಡುತ್ತಿದ್ದರು. ಅದೂ ಮೈಮುರಿಯುವ ಕೆಲಸವೇ. ಗೇಟಿನ ಮುಂದೆ ನಿಂತು ಕೂಗಿದರೆ ಒಳಗೆ ಒಬ್ಬ ಧಣಿಗೆ ಕೇಳಿಸುತ್ತಿತ್ತು, ಅಷ್ಟೇ ವ್ಯತ್ಯಾಸ. ಈಗ ಯಾರ ಗೇಟಿನ ಮುಂದೆ ಕೂಗುವುದು? ಮೊಬೈಲ್ ಹಿಡಿದು ಕೂಗಲಾಗುತ್ತದೆಯೇ?

'ಕಾಯಕವೇ ಕೈಲಾಸ' ಅಂತ ನಮ್ಮ ಅರ್ಧ ಊರಿನ ಗೋಡೆಗಳ ಮೇಲೆ ಬರೆದಿದೆ. ಅದೇ ಗೋಡೆಯ ಪಕ್ಕ ನಿಂತು 'ಹುಡುಗ ಏನು ಮಾಡ್ತಾನೆ, ಡೆಲಿವರಿ ಬಾಯಾ?' ಅಂತ ಮೂಗು ಮುರಿಯುತ್ತೇವೆ. ನಲವತ್ತು ವರ್ಷದ ಗೃಹಸ್ಥ, ಎರಡು ಮಕ್ಕಳ ತಂದೆ, ಅವನೂ 'ಬಾಯ್'! ಹಗ್ಗ ಹೊಸೆದು ಮಾರುತ್ತಿದ್ದ ಶರಣ ನುಲಿಯ ಚಂದಯ್ಯನ ಕತೆ ನಿಮಗೆ ಗೊತ್ತಿರಬೇಕು. ಹೊಳಲ್ಕೆರೆ ಕಡೆಯ ನುಲೇನೂರಿನವರು ಅವನನ್ನು ತಮ್ಮವನು ಅಂತಾರೆ. ಹುಲ್ಲು ಕೊಯ್ಯುವಾಗ ಅವನ ಇಷ್ಟಲಿಂಗ ಜಾರಿ ಬಿತ್ತಂತೆ. ಕಾಯಕಕ್ಕೆ ಅಡ್ಡಿಯಾಯಿತು ಅಂತ ಅವನು ಅದನ್ನು ಎತ್ತಿಕೊಳ್ಳಲೇ ಇಲ್ಲವಂತೆ. ಕೊನೆಗೆ ಮಡಿವಾಳ ಮಾಚಯ್ಯ ರಾಜಿಗೆ ಬಂದು, ಲಿಂಗಯ್ಯನೇ ಹಗ್ಗ ಹೊತ್ತು ಪೇಟೆಗೆ ಮಾರಲು ಹೋಗಬೇಕಾಯಿತು. ದೇವರನ್ನೇ ಮಾಲು ಮುಟ್ಟಿಸಲು ಕಳಿಸಿದ ಸೀಮೆ ನಮ್ಮದು.

ಇನ್ನೊಂದು ದೂರಿದೆ, ಇದು ನನ್ನ ಹಳೇ ಚಾಳಿ. ಮೂರನೇ ಮಹಡಿಯ ಬಾಲ್ಕನಿಯಿಂದ 'ಮೇಲೆ ಬಾ' ಅಂತ ಕೂಗುತ್ತೇವೆ. ಮಧ್ಯಾಹ್ನದ ಬಿಸಿಲಿನಲ್ಲಿ ಬಂದವನಿಗೆ ಒಂದು ಲೋಟ ನೀರು ಕೊಡುವುದಿಲ್ಲ. ಓಟಿಪಿ ಹುಡುಕಲು ಹತ್ತು ನಿಮಿಷ ನಿಲ್ಲಿಸುತ್ತೇವೆ. ವಿಳಾಸವನ್ನಂತೂ ಬರೆಯುವುದೇ ಇಲ್ಲ. 'ಗುಡಿ ಎದುರು, ಟ್ಯಾಂಕ್ ಹಿಂದೆ' ಅಂದರೆ ಮುಗಿಯಿತು. ಅಡ್ಡರಸ್ತೆಗಳಿಗೆ ಬೋರ್ಡಿಲ್ಲ, ಮನೆ ನಂಬರು ಕಂದಾಯದ ರಸೀದಿಯಲ್ಲಿ ಮಾತ್ರ. ಮೂರು ಸಲ ಸುತ್ತಿ ಸಿಗದಿದ್ದರೆ ಪಾರ್ಸೆಲ್ ವಾಪಸ್ ಹೋಗುತ್ತದೆ. ಸುಟ್ಟ ಪೆಟ್ರೋಲು ಆ ಹುಡುಗನದ್ದು.

ನಿಮ್ಮ ಲಕೋಟೆ ಈಗ ನನ್ನ ಮೇಜಿನ ಮೇಲಿದೆ. ಕಳಿಸಿದವರ ವಿಳಾಸ ಹೀಗಿದೆ: 'ಆಂಜನೇಯ ಗುಡಿ ಹತ್ತಿರ, ನಿಟುವಳ್ಳಿ.' ಮನೆ ನಂಬರಿಲ್ಲ, ಪಿನ್ ಇಲ್ಲ. ಪತ್ರಿಕೆಯ ಗೌರವ ಪ್ರತಿ ಕಳಿಸಬೇಕು ಅಂತಿದ್ದೇನೆ. ಪೂರ್ತಿ ವಿಳಾಸ ಬರೆದು ಒಂದು ಕಾರ್ಡು ಹಾಕಿ. ಮಗನ ಕೈಯಲ್ಲೇ ಬರೆಸಿ.